ಎಡೆಗೆ ನಿಲ್ಲಿಸಿದ ಕೇಕು

ಶಾಖದ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಕೋಲಾರ ಜಿಲ್ಲೆಯಲ್ಲಿ ಇಲ್ಲ ಎಂದು ನಾನು ಈ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಮೂರು ಗಂಟೆಯವರೆಗೂ ನಂಬಿದ್ದೆ! ನಂಬಿಕೆಗೆ ಆಧಾರವೂ ಇತ್ತು. ವಕ್ಕಲೇರಿಯ ಹತ್ತಿರ ಹಾಲು ತಂಪು ಮಾಡುವ ಕೇಂದ್ರವೊಂದರಲ್ಲಿ ನಾನು ಪರೀಕ್ಷಕ. ದಿನಕ್ಕೆ ಎರಡು ಹೊತ್ತು ಥರ್ಮಾಮೀಟರ್ ಅದ್ದಿ, ಹಾಲು ನಾಲ್ಕು ಡಿಗ್ರಿಗೆ ಇಳಿದಿದೆಯೋ ಇಲ್ಲವೋ ನೋಡಿ, ಗಂಭೀರವಾಗಿ ತಲೆಯಾಡಿಸುವವನು. ಅಂಥವನಿಗೆ ಯಃಕಶ್ಚಿತ್ ಒಂದು ಕೇಕು ಬೇಯಿಸುವುದು ಯಾವ ಮಹಾ ಕೆಲಸ?

"ನಿಮ್ಮ ಕೆಲಸ ತಣ್ಣಗೆ ಮಾಡೋದು ರೀ, ಬೇಯಿಸೋದಲ್ಲ," ಎಂದಳು ನನ್ನ ಹೆಂಡತಿ ಗಂಗಾ.

"ಶಾಖ ತೆಗೆಯೋಕೆ ಬಂದವನಿಗೆ ಶಾಖ ಕೊಡೋಕೆ ಬರಲ್ವಾ?"

"ಹೋದ ತಿಂಗಳು ಹಾಲು ಕಾಯಿಸೋಕಿಟ್ಟು ಪಾತ್ರೆ ತಳ ಹತ್ತಿಸಿದ್ರಲ್ಲ, ಆಗ ಕೊಟ್ಟಿದ್ದೂ ಇದೇ ಶಾಖಾನಾ?"

ಮಹತ್ಕಾರ್ಯಕ್ಕೆ ಹೊರಟವರು ಪಾತ್ರೆ ತಳದ ಬಗ್ಗೆ ವಾದಕ್ಕಿಳಿಯಬಾರದು.

ಆದರೆ ಗಂಗಾಳ ಮಾತಿನಲ್ಲಿ ಎಂದಿನ ಚೂಪು ಇರಲಿಲ್ಲ. ಅದಕ್ಕೆ ಕಾರಣ ಅವಳ ತಾತ. ಮುನಿಶಾಮಪ್ಪ ತಾತ ಎಂದರೆ ಅವಳ ತವರು ನಂಗಲಿಯಲ್ಲಿ ಗೊತ್ತಿಲ್ಲದವರಿಲ್ಲ. ಕೋಲಾರದ ಟೊಮೆಟೊ ಹೇರಿಕೊಂಡು ಕಲ್ಕತ್ತೆಯವರೆಗೆ ಲಾರಿ ಓಡಿಸಿದ ಮನುಷ್ಯ. ನಾನು ಮತ್ತು ಗಂಗಾ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗ, ಹುಡುಗನನ್ನು ನೋಡಲು ನಮ್ಮ ಮನೆಗೆ ಬಂದವರು ಅವರೇ. ನನ್ನಮ್ಮ ಗಾಬರಿಯಲ್ಲಿ ಉಪ್ಪು ಎರಡು ಸಲ ಬಿದ್ದ ಉಪ್ಪಿಟ್ಟು ಕೊಟ್ಟಳು. ತಾತ ಒಂದು ಅಗುಳೂ ಬಿಡದೆ ತಿಂದರು. "ಬಾಳ ಚೆನ್ನಾಗೈತೆ ತಾಯಿ," ಎಂದರು. ಕೈ ತೊಳೆದರು. ನಂಗಲಿಗೆ ಹೋಗಿ, "ಈ ಸಂಬಂಧ ಬೇಡ," ಎಂದುಬಿಟ್ಟರು!

ನಾವು ಮದುವೆಯಾದೆವು. ಮಾವ, ಅತ್ತೆ ಆರು ತಿಂಗಳಲ್ಲಿ ಕರಗಿದರು. ತಾತ ಕರಗಲಿಲ್ಲ. ಗಂಗಾ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮನೆಗೆ ಹೋದರೆ ಅವಳು ಮಾಡಿದ್ದು ಮುಟ್ಟುತ್ತಿರಲಿಲ್ಲ. ಹಾಗೇ ಇದ್ದು ಈ ಜನವರಿಯಲ್ಲಿ, ಜಗಲಿಯ ಮೇಲೆ ಹೆದ್ದಾರಿ ನೋಡುತ್ತಾ ಕುಳಿತಲ್ಲೇ, ಹೋಗಿಬಿಟ್ಟರು. "ಕೊನೆಗೂ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ," ಎಂಬ ಮಾತು ಗಂಗಾಳ ಗಂಟಲಿನಲ್ಲಿ ಸಿಕ್ಕಿಕೊಂಡದ್ದು ಇಳಿಯಲೇ ಇಲ್ಲ.

ಇದು ತಾತ ಹೋದ ಮೇಲಿನ ಮೊದಲ ಹಿರಿಯರ ಹಬ್ಬ. ಅಜ್ಜಿ ಮುತ್ಯಾಲಮ್ಮ ತಾವೇ ಫೋನ್ ಮಾಡಿದ್ದರು. "ಬನ್ರಮ್ಮ, ನೀವೂ ಎಡೆ ಇಡಿ. ಅವರು ತಗೊಂಡ್ರೆ ತಗೊಂಡ್ರು. ತಗೊಳ್ಳಲಿಲ್ಲ ಅಂದ್ರೆ ನನ್ನ ಕೇಳಬೇಡಿ."

ಎಡೆಯ ಪದ್ಧತಿ ಅವರ ಮನೆಯಲ್ಲಿ ಕಟ್ಟುನಿಟ್ಟು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಪಂಚೆ ಇಟ್ಟು, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಒಳಗೆ ಹಿರಿಯರು ಬಂದು ಉಣ್ಣುವ ಹೊತ್ತು ಅದು. ಮಾತಾಡುವಂತಿಲ್ಲ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದರೆ, ಎಲೆ ನೋಡಿ ಅಜ್ಜಿ ತೀರ್ಪು ಹೇಳುತ್ತಾರೆ. ಈ ನ್ಯಾಯಾಲಯದ ಮೇಲೆ ಇನ್ನೊಂದು ನ್ಯಾಯಾಲಯವಿಲ್ಲ.

ತಾತನಿಗೆ ಇಷ್ಟವಾದದ್ದು? ಮುದ್ದೆ, ತಲೆಮಾಂಸ, ಬೀಡಿ, ಕಾಲು ಬಾಟಲಿ ಬ್ರಾಂದಿ. ಇವನ್ನು ಯಾರಾದರೂ ಇಡುತ್ತಾರೆ. ಆದರೆ ಲಾರಿ ನಿಲ್ಲಿಸಿದಲ್ಲೆಲ್ಲ ತಾತ ಟೀ ಜೊತೆ ತಿನ್ನುತ್ತಿದ್ದದ್ದು ಕೇಕು! ಇದು ಗಂಗಾಳಿಗೆ ನೆನಪಾದದ್ದೇ ತಡ, ನಾನು ಘೋಷಿಸಿದೆ: "ಬೇಕರಿಯ ಒಂದು ತುಂಡಿಟ್ಟರೆ ಏನು ಬಂತು? ತಾತನ ಆಕಾರದಲ್ಲೇ ಒಂದು ಕೇಕು ನಿಲ್ಲಿಸ್ತೀನಿ. ಪೇಟ ಸಮೇತ! ನೋಡಿದ ಕೂಡಲೇ ಕೋಪ ಇಳಿಯಬೇಕು!"

"ಮಲಗಿಸಿದ ಕೇಕೇ ಸರಿಯಾಗಿ ಬೇಯಲ್ಲ. ನಿಲ್ಲಿಸ್ತಾರಂತೆ," ಎಂದಳು ಗಂಗಾ. ಆದರೆ ಬೇಡ ಎನ್ನಲಿಲ್ಲ.

ಅಚ್ಚು ಮಾಡಿಕೊಟ್ಟವರು ಮುಳಬಾಗಿಲಿನ ಅಬ್ದುಲ್ ಖಾದರ್ ಸಾಹೇಬರು. ಹಾಲು ಅಳೆಯುವ ಪಾವು, ಎಣ್ಣೆಯ ಲಾಳಿಕೆ, ಟ್ರಂಕು, ತಗಡಿನಲ್ಲಿ ಅವರ ಕೈಗೆ ಬಗ್ಗದ್ದಿಲ್ಲ. ನಾನು ತಾತನ ಫೋಟೊ ತೆಗೆದು ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ.

"ಫೋಟೊ ಯಾಕೆ ಸಾಬ್? ಮುನಿಶಾಮಣ್ಣನ ಮೂಗು ಮರೆಯೋಕಾಗುತ್ತಾ? ಮೂವತ್ತು ವರ್ಷ ಇದೇ ಕಟ್ಟೆ ಮೇಲೆ ಕೂತು ನನ್ನ ಕೆಲಸಾನ ಬೈದ ಮೂಗು ಅದು! ನಾನು ಮಾಡಿದ್ದು ಒಂದೂ ಒಪ್ಪಲಿಲ್ಲ. ಬೇರೆ ಅಂಗಡಿಗೂ ಹೋಗಲಿಲ್ಲ."

ಮೂರನೆಯ ದಿನ ಅಚ್ಚು ಸಿದ್ಧವಾಗಿತ್ತು. ಒಂದೂವರೆ ಗೇಣು ಎತ್ತರ. ಮುಂದೆ ಹಿಂದೆ ಎರಡು ಹೋಳು, ತಂತಿಯಿಂದ ಕಟ್ಟಬೇಕು. ಹಿಟ್ಟು ಸುರಿಯಲು ಪೇಟದ ಮೇಲೆ ಬಾಯಿ. ಕೈಗೆ ತೆಗೆದುಕೊಂಡವನು ಬೆಚ್ಚಿದೆ. ಎಣ್ಣೆ ಡಬ್ಬದ ತಗಡಿನೊಳಗಿಂದ ತಾತ ನನ್ನನ್ನು ನೋಡುತ್ತಿದ್ದರು. ಎಡಗಣ್ಣು ಅರ್ಧ ಮುಚ್ಚಿ, ಉಪ್ಪಿಟ್ಟು ತಿಂದ ದಿನ ನೋಡಿದ್ದರಲ್ಲ, ಅದೇ ನೋಟ.

"ಕೇಳು ಸಾಬ್," ಎಂದರು ಖಾದರ್ ಸಾಹೇಬರು. "ಉದ್ದ ಡಬ್ಬಕ್ಕೆ ಒಳಗಡೆ ಬಿಸಿ ಹೋಗಲ್ಲ. ಹೊರಗೆ ಕರಕಲು, ಹೊಟ್ಟೆ ಹಸಿ. ನಡುವೆ ಒಂದು ದಪ್ಪ ಕಬ್ಬಿಣ ನಿಲ್ಲಿಸು, ಬಿಸಿ ಅದು ಒಳಗೆ ಒಯ್ಯುತ್ತೆ. ಹೊರಗೆ ಒದ್ದೆ ಬಟ್ಟೆ ಸುತ್ತು, ಅಂಚು ಸೀಯಲ್ಲ. ಉರಿ ಸಣ್ಣಗೆ. ಅವಸರ ಮಾಡಿದ್ರೆ ಕೆಟ್ಟೆ."

"ನಾನು ಹಾಲಿನ ಕೇಂದ್ರದಲ್ಲಿ..." ಎಂದು ಶುರುಮಾಡಿದೆ.

"ಇದು ಹಾಲಲ್ಲ," ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ನಂಗಲಿಯ ಮನೆಯ ಹಿತ್ತಲಿನಲ್ಲಿ ಒಲೆ ಹೂಡಿದೆ. ಮದುವೆಗಳಲ್ಲಿ ಅನ್ನ ಬೇಯಿಸುವ ದೊಡ್ಡ ಡಬರಿ ತಂದು, ತಳಕ್ಕೆ ಮರಳು ಹಾಸಿದೆ. ಇಪ್ಪತ್ತು ಮೊಟ್ಟೆಯ ಹಿಟ್ಟು ಕಲಸಿಕೊಟ್ಟವಳು ಗಂಗಾ. ಅವಳ ಕೈಯ ತುತ್ತು ತಾನೆ ತಾತನಿಗೆ ಮುಟ್ಟಬೇಕಾದದ್ದು! ಇನ್ನು ಬೇಕಾದದ್ದು ಕಬ್ಬಿಣ. ಜಗಲಿಯ ಗೂಡಿನಲ್ಲಿ ತಾತನ ಹಳೆಯ ಸ್ಪ್ಯಾನರು, ನಟ್ಟುಗಳ ನಡುವೆ ಒಂದು ದಪ್ಪ ಲಾರಿ ಬೋಲ್ಟು ಸಿಕ್ಕಿತು. ಗೇಣುದ್ದ, ನುಣುಪಾಗಿ ಹೊಳೆಯುತ್ತಿತ್ತು, ತುದಿ ಗುಂಡಗೆ. ದೇವರೇ ಇಟ್ಟಂತಿತ್ತು! ಅಚ್ಚಿಗೆ ಹಿಟ್ಟು ಸುರಿದು, ಬೋಲ್ಟನ್ನು ಚೆನ್ನಾಗಿ ತೊಳೆದು ಪೇಟದ ಬಾಯಿಯಿಂದ ಇಳಿಬಿಟ್ಟು, ತಂತಿಯಲ್ಲಿ ಬಿಗಿದೆ. ನನ್ನ ಹಳೆಯ ಬಿಳಿ ಪಂಚೆ ಹರಿದು, ನೀರಿನಲ್ಲಿ ಅದ್ದಿ, ಅಡಿಯಿಂದ ಮುಡಿಯವರೆಗೆ ಅಚ್ಚಿಗೆ ಸುತ್ತಿ, ಡಬರಿಯೊಳಗೆ ನಿಲ್ಲಿಸಿದೆ. ಮುಖ ಮಾತ್ರ ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ. ಮುಚ್ಚಲು ಕೈ ಬರಲಿಲ್ಲ.

ಆಗ ಕರಿಬೇವಿಗೆಂದು ಬಂದ ಪಕ್ಕದ ಮನೆಯ ಸುನಂದಕ್ಕ ಡಬರಿಯೊಳಗೆ ಬಗ್ಗಿ ನೋಡಿದರು. ಬಿಳಿ ಬಟ್ಟೆ ಸುತ್ತಿ, ಮುಖ ಬಿಟ್ಟು, ನೆಟ್ಟಗೆ ನಿಲ್ಲಿಸಿದ ಒಂದು ಆಕೃತಿ.

"ಅಯ್ಯೋ! ಯಾರು ಹೋದ್ರು?"

"ತಾತ," ಎಂದೆ, ಹೊಗೆಯಲ್ಲಿ ಕಣ್ಣುಜ್ಜುತ್ತಾ.

"ಅವರು ಹೋಗಿ ಎಂಟು ತಿಂಗಳಾಯ್ತಲ್ಲಪ್ಪ?"

"ಹೌದಕ್ಕಾ. ಇವತ್ತು ಬೇಯಿಸ್ತಾ ಇದೀನಿ."

ಸುನಂದಕ್ಕ ಕರಿಬೇವು ಕೀಳದೆ ಹೋದರು.

ಮುಚ್ಚಳ ಮುಚ್ಚಿ ಮೇಲೆ ಕೆಂಡ ಹರಡಿದೆ. ಅರ್ಧ ಗಂಟೆ ಸದ್ದಿರಲಿಲ್ಲ. ಆಮೇಲೆ ಡಬರಿಯೊಳಗಿಂದ ಒಂದು ನಿಟ್ಟುಸಿರು ಬಂತು. ಒದ್ದೆ ಬಟ್ಟೆಯ ಆವಿ, ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಹೊತ್ತಿಗೆ ಕೆಮ್ಮು. ಒಣ ಕೆಮ್ಮು, ಬೀಡಿ ಸೇದುವವರದು. ತಗಡು ಕಾದು ಹಿಗ್ಗುವ ಸದ್ದು, ಎಂದು ಜೋರಾಗಿಯೇ ಹೇಳಿಕೊಂಡೆ. ವಿಜ್ಞಾನ ಬಲ್ಲವರು ಹೆದರುವುದಿಲ್ಲ. ಸ್ವಲ್ಪ ದೂರ ಹೋಗಿ ಕೂರುತ್ತಾರೆ, ಅಷ್ಟೆ.

ಇತ್ತ ಮನೆಯೊಳಗೆ ಅಜ್ಜಿ ಬೆಳಿಗ್ಗೆಯಿಂದ ಏನನ್ನೋ ಹುಡುಕುತ್ತಾ ಎಲ್ಲರನ್ನೂ ಬೈಯುತ್ತಿದ್ದರು. ಹಬ್ಬದ ಮನೆಯಲ್ಲಿ ಅದು ಸಹಜ ಎಂದು ನಾನು ಕಿವಿಗೊಡಲಿಲ್ಲ. ಆ ಒಂದು ತಪ್ಪು ಮಾಡದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಎರಡೂವರೆಗೆ ಮಾವ ಚಂದ್ರಮೋಹನ್ ಹಿತ್ತಲಿಗೆ ಬಂದು, "ಅಳಿಯಂದ್ರೇ, ಅಪ್ಪಾಜಿ ಹೊತ್ತು ಮೀರಿದ್ರೆ ಸಹಿಸ್ತಿರಲಿಲ್ಲ," ಎಂದರು. ಪೇಟದ ಬಾಯಿಯಲ್ಲಿ ತೆಂಗಿನ ಕಡ್ಡಿ ಚುಚ್ಚಿದೆ. ಒಣಗಿ ಬಂತು! ಕಬ್ಬಿಣದ ಪಕ್ಕದಲ್ಲೇ ಚುಚ್ಚಿದರೆ ಒಣಗಿ ಬಾರದೆ ಇನ್ನೇನು ಎಂದು ಹೊಳೆಯಲಿಲ್ಲ. ಅವಸರದಲ್ಲಿ ತಂತಿ ಬಿಚ್ಚಿ ಹೋಳುಗಳನ್ನು ಬಿಡಿಸಿದೆ. ಬೋಲ್ಟು ಎಳೆದರೆ ಪೇಟ ಬಿರುಕು ಬಿಡುವಂತಿತ್ತು. ಎಡೆ ಮುಗಿದ ಮೇಲೆ ತೆಗೆದರಾಯಿತು ಎಂದು ಒಳಗೇ ಬಿಟ್ಟೆ.

ತಾತ ನಿಂತರು. ಕಂದು ಬಣ್ಣ, ಅದೇ ಮೂಗು, ಪೇಟದಿಂದ ತೆಳ್ಳಗೆ ಏಳುತ್ತಿದ್ದ ಆವಿ. ಎಡಗಣ್ಣಿನ ಮೇಲೆ ಕೇಕು ಒಂದಿಷ್ಟು ಸೀದು, ಹುಬ್ಬು ಗಂಟಿಕ್ಕಿತ್ತು. ತಟ್ಟೆಯ ಮೇಲೆ ಇಟ್ಟುಕೊಂಡು ನಡುಮನೆಗೆ ನಡೆದೆ. ಅಡುಗೆಮನೆಯಿಂದ ಬಂದ ಅತ್ತೆ ಭಾರತಮ್ಮ ಕಂಡದ್ದೇ ತಡ ತಲೆ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಒತ್ತಿ ನಿಂತರು.

"ಕಾಫಿ ತರ್ಲಾ ಮಾವಾ?"

ಕೇಳಿದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಯಾಕೆಂದರೆ ಒಂದು ಕ್ಷಣ, ಉತ್ತರಕ್ಕಾಗಿ ನಾವೆಲ್ಲರೂ ಕಾದಿದ್ದೆವು.

ಎಡೆಯ ಕೋಣೆಗೆ ಒಂದೇ ಕಿಟಕಿ, ಅದೂ ಮುಚ್ಚಿತ್ತು. ಎಲೆಯ ಹಿಂದೆ ಕೇಕು ನಿಲ್ಲಿಸಿದೆ. ದೀಪದ ಬೆಳಕಿಗೆ ಅದರ ನೆರಳು ಗೋಡೆಯ ಮೇಲೆ ಆಳೆತ್ತರ ಬೆಳೆಯಿತು. ಅಜ್ಜಿ ಕೇಕಿನ ಮುಂದೆ ಒಂದು ಹಿತ್ತಾಳೆಯ ಕುಟ್ಟಾಣಿ ತಂದಿಟ್ಟರು. ತಾತ ಹಲ್ಲು ಹೋದ ಮೇಲೆ ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದ ಪುಟ್ಟ ಒರಳು. ಬರೀ ಒರಳು. ಕುಟ್ಟುವ ಕೋಲು ಇಲ್ಲ.

ನಾವು ಐವರೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಗಂಗಾ ನನ್ನ ತೋಳು ಹಿಡಿದುಕೊಂಡಳು. ಅವಳ ಕೈ ನಾಲ್ಕು ಡಿಗ್ರಿಗೆ ಇಳಿದಿತ್ತು.

ಮಾತಾಡಬಾರದೆಂಬ ನಿಯಮ ಮಾಡಿದ ಅಜ್ಜಿಯೇ ಪಿಸುಗುಟ್ಟಿದರು. "ಒರಳು ಇಟ್ಟಿದೀನಿ, ಕೋಲು ಸಿಗಲಿಲ್ಲ. ಕುಟ್ಟದೆ ಹೆಂಗೆ ಹಾಕ್ಕೊಂತಾರೆ? ಲಾರಿ ಮಾರಿದ ದಿನ ಅದರಿಂದ ಒಂದು ಬೋಲ್ಟು ಬಿಚ್ಚಿಸಿ, ತುದಿ ಗುಂಡಗೆ ಮಾಡಿಸ್ಕೊಂಡಿದ್ರು. ಗೂಡಲ್ಲೇ ಇತ್ತು ಕಣಮ್ಮ..."

ತಾತನ ಕೋಲು ತಾತನ ಹೊಟ್ಟೆಯಲ್ಲಿತ್ತು! ಇಟ್ಟವನು ನಾನು!

ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಗ ಹೆದ್ದಾರಿ ಮೌನವಾಯಿತು. ನಂಗಲಿಯಲ್ಲಿ ಇದು ನಡೆಯುವ ಸಂಗತಿಯಲ್ಲ. ಹಗಲಿರುಳು ಲಾರಿ ಹರಿಯುವ ರಸ್ತೆ ಅದು. ಒಂದು ಹಾರ್ನೂ ಇಲ್ಲ, ಒಂದು ಟೈರಿನ ಸದ್ದೂ ಇಲ್ಲ. ಆ ಮೌನದೊಳಗೆ, ಮುಚ್ಚಿದ ಬಾಗಿಲಿನ ಆಚೆ:

ಟಣ್!

ಟಣ್... ಟಣ್.

ಒಂದು ದೊಡ್ಡದು, ಎರಡು ಸಣ್ಣವು. ಭಾರತಮ್ಮನವರು ಮತ್ತೆ ಸೆರಗೆಳೆದುಕೊಂಡರು. ಹನ್ನೆರಡು ವರ್ಷ ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಆ ಮನೆ ಕೇಳಿದ ಸದ್ದು ಅದು.

"ವಚ್ಚಿನಾರು," ಎಂದರು ಅಜ್ಜಿ. ತೀರಾ ಹೆದರಿದಾಗ, ತೀರಾ ಖುಷಿಯಾದಾಗ ಅವರ ಬಾಯಿಗೆ ತೆಲುಗೇ ಬರುವುದು. "ಬಂದ್ರು ಕಣೇ ಗಂಗಾ, ಬಂದ್ರು!"

ನಾನು ವಿಜ್ಞಾನವನ್ನು ನೆನೆದುಕೊಂಡೆ. ಕೇಕು ಬಾಗಿದೆ, ಬೋಲ್ಟು ಜಾರಿದೆ, ಒರಳಿಗೆ ಬಡಿದು ಪುಟಿದಿದೆ. ಸರಳ. ಎದೆ ಬಡಿತ ಇನ್ನೇನು ಹದಕ್ಕೆ ಬರಬೇಕು:

ಟಣ್!

ಟಣ್... ಟಣ್.

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಅಜ್ಜಿ ಮೂರು ಸಲ ಬಾಗಿಲು ತಟ್ಟಿ ತೆರೆದರು. ದೀಪ ಉರಿಯುತ್ತಿತ್ತು. ಗೋಡೆಯ ಮೇಲೆ ಆಳೆತ್ತರದ ನೆರಳು ಇರಲಿಲ್ಲ. ಯಾಕೆಂದರೆ ತಾತ ಸೊಂಟದಿಂದ ಮುಂದಕ್ಕೆ ಬಾಗಿ, ಎಲೆಯ ಮೇಲೆ ತಲೆಯಿಟ್ಟು, ಉಣ್ಣುವವರಂತೆ ಕೂತಿದ್ದರು. ಕೋಲು ಒರಳಿನೊಳಗೆ ನೆಟ್ಟಗೆ ನಿಂತಿತ್ತು. ಹಸಿಯಾಗಿ ಉಳಿದಿದ್ದ ಹೊಟ್ಟೆಯ ಹಿಟ್ಟು ಕೋಲು ಬಿಟ್ಟುಹೋದ ದಾರಿಯಲ್ಲಿ ತಲೆಯ ಕಡೆಗೆ ಇಳಿದು, ಬಿರಿದ ಬಾಯಿಯಿಂದ ಹೊರಬಂದು, ಎಲೆಯ ಅಂಚಿಗೆ ಲೋಳೆಯಾಗಿ ಸುರಿಯುತ್ತಿತ್ತು.

ಅಜ್ಜಿ ಬಗ್ಗಿದರು. ಆ ಹಿಟ್ಟನ್ನು ಬೆರಳಿನಿಂದ ಮುಟ್ಟಿ, ಮೂಸಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ಬಂದಿದ್ರು. ಕೇಕು ಬಾಯಿಗಿಟ್ಟುಕೊಂಡ್ರು. ಹಸಿ ಅಂತ ಉಗುಳಿ ಹೋದ್ರು!"

ನಾನು ಭೂಮಿಗಿಳಿದುಹೋದೆ. ಗಂಗಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಸತ್ತವರನ್ನು ಊಟಕ್ಕೆ ಕರೆದು, ಹಸಿ ಹಿಟ್ಟು ತಿನ್ನಿಸಿ ಕಳಿಸಿದ ಮೊದಲ ಅಳಿಯ ನಾನೇ ಇರಬೇಕು! "ಅಜ್ಜಿ, ಕ್ಷಮಿಸಿ. ಉಗುಳಿದ್ರು ಅಂದ್ರೆ ಇನ್ನು ನಮ್ಮನ್ನ..." ಎಂದು ತೊದಲಿದೆ.

ಅಜ್ಜಿ ನಗುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಹುಚ್ಚಪ್ಪಾ! ಬೇರೆಯವರ ಮನೇಲಿ ವಿಷ ಇಟ್ರೂ ಬಾಯಿ ಮುಚ್ಕೊಂಡು ತಿಂದು, ಬಾಳ ಚೆನ್ನಾಗೈತೆ ಅಂತ ಎದ್ದು ಬರೋ ಮನುಷ್ಯ. ಅವರು ಉಗುಳ್ತಿದ್ದಿದ್ದು ನಮ್ಮನೇಲಿ ಮಾತ್ರ. ಐವತ್ತು ವರ್ಷ ನನ್ನ ಸಾರು ಉಗುಳಿದಾರೆ, ಈ ಸೊಸೆ ಪಲ್ಯ ಉಗುಳಿದಾರೆ. ನಮ್ಮೋರು ಅನ್ನಿಸದೆ ಹೋದ್ರೆ ಉಗುಳ್ತಿರಲಿಲ್ಲ ಕಣಪ್ಪ."

ಗಂಗಾ ನೆಲಕ್ಕೆ ಕೂತು, ಆ ಹಸಿ ಹಿಟ್ಟಿನ ಮುಂದೆ ಕೈಮುಗಿದು, ಬಿಕ್ಕುತ್ತಾ ನಗತೊಡಗಿದಳು. ಗಂಟಲಿನಲ್ಲಿದ್ದ ಎಂಟು ತಿಂಗಳಿನ ತುತ್ತು ಆಗ ಇಳಿಯಿತು.

ಆದರೂ ನನ್ನ ಮನಸ್ಸಾಕ್ಷಿ ಬಿಡಲಿಲ್ಲ. ಅಜ್ಜಿಯನ್ನು ಪಕ್ಕಕ್ಕೆ ಕರೆದು ಒಪ್ಪಿಕೊಂಡೆ. "ಅಜ್ಜಿ, ಆ ಕೋಲು ಕೇಕಿನೊಳಗೆ ಇಟ್ಟಿದ್ದು ನಾನೇ."

"ಹಿಟ್ಟು ಮೆತ್ತಿಕೊಂಡೈತೆ, ನಂಗೆ ಕಣ್ಣಿಲ್ವಾ? ಇಟ್ಟಿದ್ದು ನೀನು. ತೆಗೆದಿದ್ದು ಅವರು."

ಗಂಗಾಳಿಗೂ ವಿವರಿಸಿದೆ: ಬಾಗುವುದು, ಜಾರುವುದು, ಪುಟಿಯುವುದು. ಅವಳು ಕಣ್ಣೊರೆಸಿಕೊಂಡು ಪೂರ್ತಿ ಕೇಳಿದಳು. "ಸರಿ ರೀ. ಕಬ್ಬಿಣ ಒಂದು ಸಲ ಬೀಳಬಹುದು. ಬಿದ್ದಿದ್ದು ಎದ್ದು ಇನ್ನೊಂದು ಸಲ ಬೀಳೋದು ನಿಮ್ಮ ಯಾವ ಸೈನ್ಸಲ್ಲಿದೆ?"

ನಾನು ಥರ್ಮಾಮೀಟರಿನ ಮನುಷ್ಯ. ಈ ಪ್ರಶ್ನೆ ನನ್ನ ಇಲಾಖೆಗೆ ಬರುವುದಿಲ್ಲ.

ಪದ್ಧತಿಯಂತೆ ಎಡೆಯ ಒಂದು ಪಾಲನ್ನು ಮಾಳಿಗೆಯ ಮೇಲೆ ಕಾಗೆಗೆ ಇಟ್ಟೆವು. ಮುದ್ದೆ, ಮಾಂಸ, ಜೊತೆಗೆ ನನ್ನ ಕೇಕಿನ ಒಂದು ತುಂಡು. ಮುದಿ ಕಾಗೆಯೊಂದು ಬಂದು, ಎಡಗಣ್ಣಿನಿಂದ ನನ್ನನ್ನು ಅಳೆದು ನೋಡಿತು. ಉಳಿದದ್ದನ್ನೆಲ್ಲ ಬಿಟ್ಟು ನೇರವಾಗಿ ಕೇಕಿಗೇ ಕೊಕ್ಕು ಹಾಕಿತು. ಒಂದು ಕ್ಷಣ ಯೋಚಿಸಿತು. ಆಮೇಲೆ ಬಾಯಲ್ಲಿದ್ದದ್ದನ್ನು ಉಗುಳಿ, ಕೊಕ್ಕನ್ನು ಗೋಡೆಗೆ ಎರಡು ಸಲ ಉಜ್ಜಿ ಹಾರಿಹೋಯಿತು.

ಅದೂ ನಮ್ಮ ಮನೆಯವರೇ ಇರಬೇಕು ಎಂದುಕೊಂಡು, ಕೈಮುಗಿದು ಕೆಳಗಿಳಿದೆ.